ಹೊರಗಿನವರ ಒಂದು ಗೆರೆ

ನನ್ನ ತಮ್ಮನ ಅಳಿಯನಿಗೆ ನಾನೂ ತಮ್ಮನೂ ಸೇರಿ ಇಟ್ಟ ಹೆಸರು ಸ್ವಯಂಭೂ. ಎದುರಿಗೆ ಎಂದೂ ಹಾಗೆ ಕರೆದವರಲ್ಲ. ಎದುರಿಗೆ ಅವನು ‘ಅಳಿಯಂದಿರು’. ಆದರೆ ಗೇಟಿನ ಚಿಲಕ ಸದ್ದಾದರೆ ಸಾಕು, ತಮ್ಮ ಕಿಟಕಿಯಲ್ಲಿ ಬಗ್ಗಿ ನೋಡಿ, “ಪ್ರಯಾಣಿಕರ ಗಮನಕ್ಕೆ, ಸ್ವಯಂಭೂ ಬರುತ್ತಿದೆ” ಎಂದು ಮೆಲ್ಲಗೆ ಪ್ರಕಟಣೆ ಕೊಡುತ್ತಿದ್ದ. ಅದು ಅವನ ಕಸುಬಿನ ದನಿ. ನಿವೃತ್ತನಾಗುವ ತನಕ ಅವನು ರೈಲ್ವೆ ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಮೈಕಿನಲ್ಲಿ ಹೇಳುತ್ತಿದ್ದವನು. ಗಾಡಿ ತಡವಾಗಿದೆ ಎಂದು ಅವನು ಹೇಳಿದರೆ ಜನರಿಗೆ ಅರ್ಧ ಸಿಟ್ಟು ಇಳಿದುಹೋಗುತ್ತಿತ್ತಂತೆ. ಅಂಥ ಗಂಟಲು.

ಅಳಿಯನಿಗೆ ಆ ಹೆಸರು ಬಂದದ್ದು ಅವನ ಒಂದು ವ್ರತದಿಂದ. ಅವನು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವನು. “ನನ್ನ ಪ್ರಾಜೆಕ್ಟಿನಲ್ಲಿ ಹೊರಗಿನವರ ಒಂದು ಗೆರೆ ಕೋಡೂ ಇರೋದಿಲ್ಲ” ಎನ್ನುವುದು ಅವನು ಊಟದ ಮೇಜಿನಲ್ಲೂ ಹೇಳುವ ಮಾತು. ಹೇಳುವಾಗ ತೊಟ್ಟಿರುತ್ತಿದ್ದ ಶರ್ಟನ್ನು ಅವನು ನೇಯ್ದಿರಲಿಲ್ಲ, ಬಡಿಸಿಕೊಳ್ಳುತ್ತಿದ್ದ ಅನ್ನವನ್ನು ಬೇಯಿಸಿರಲಿಲ್ಲ, ತಟ್ಟೆಯನ್ನಂತೂ ಮದುವೆಯಾದಂದಿನಿಂದ ತೊಳೆದಿರಲಿಲ್ಲ. ಪ್ರೋಗ್ರಾಂ ಮಾತ್ರ ಪೂರ್ತಿ ತನ್ನದೇ ಆಗಿರಬೇಕು. ಅವನು ಬಿಟ್ಟು ಬಂದ ಆಫೀಸುಗಳಲ್ಲಿ, ಅವನು ಬರೆದಿಟ್ಟದ್ದನ್ನು ಕಿತ್ತು ಹಾಕುವುದಕ್ಕೆಂದೇ ಒಬ್ಬರನ್ನು ನೇಮಿಸಿಕೊಳ್ಳುತ್ತಾರೆ ಎಂದು ತಮ್ಮನ ಚಿಕ್ಕ ಮಗಳು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು.

ಈ ಚಿಕ್ಕವಳೂ ಅದೇ ಕೆಲಸದವಳು. ಅಂಗಡಿಗಳಿಗೆ ಬಿಲ್ಲು ಮಾಡುವ ಪ್ರೋಗ್ರಾಂ ತಯಾರಿಸುವ ಸಣ್ಣ ಆಫೀಸಿನಲ್ಲಿದ್ದಾಳೆ. ಇನ್ನೂ ಮದುವೆಯಾಗಿಲ್ಲ. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ನಾನು ಈ ಮನೆಗೆ ಬಂದೆ, ಹೀಗಾಗಿ ನಾವು ಮೂವರು. ದೊಡ್ಡವಳೂ ಸ್ವಯಂಭುವೂ ಎರಡು ಬೀದಿ ಆಚೆ ಇದ್ದಾರೆ. ಎರಡೇ ಬೀದಿ. ಇನ್ನೂ ನಾಲ್ಕಿದ್ದರೆ ಚೆನ್ನಾಗಿತ್ತು.

ತಮ್ಮನ ದನಿ ಒಡೆಯತೊಡಗಿದಾಗ ನಾವು ಶೀತ ಎಂದುಕೊಂಡೆವು. ಶೀತವಾಗಿರಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ಈ ದನಿ ಮತ್ತೆ ಬರುವುದಿಲ್ಲ ಎಂದು ವೈದ್ಯೆ ಹೇಳಿದರು. ಹೇಳುವ ಮೊದಲು ಆಕೆ ಎದ್ದು ಬಂದು ಮೇಜಿನ ಈಚೆ, ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂತರು. ಅದನ್ನು ನಾನು ಮರೆಯಲಾರೆ.

ಮನೆಗೆ ಬರುವಾಗ ಆಟೋದಲ್ಲಿ ಚಿಕ್ಕವಳು ಕೇಳಿದಳು. “ಅಪ್ಪ, ಆಪರೇಷನ್ನಿಗೆ ಮುಂಚೆ ನಿನ್ನ ಮಾತನ್ನೆಲ್ಲ ರೆಕಾರ್ಡ್ ಮಾಡಿಟ್ಕೊಂಡ್ರೆ? ಒಂದೊಂದು ಪದ ಒಂದೊಂದು ತುಣುಕು. ಆಮೇಲೆ ನೀನು ಲ್ಯಾಪ್‌ಟಾಪಲ್ಲಿ ಪದಗಳನ್ನ ಒತ್ತಿದ್ರೆ ಅದು ಜೋಡಿಸಿ ಹೇಳುತ್ತೆ. ನಿನ್ನ ದನಿಯಲ್ಲೇ.”

“ಬರೆದು ತೋರಿಸೋದಕ್ಕಿಂತ ವಾಸಿ” ಎಂದ ತಮ್ಮ, ರಸ್ತೆ ನೋಡುತ್ತ. “ನನ್ನ ಅಕ್ಷರ ನನಗೇ ಓದಕ್ಕೆ ಬರಲ್ಲ.” ಅದು ತಮಾಷೆಯಲ್ಲ. ದನಿಯಿಂದಲೇ ಬಾಳಿದವನು, ಬರೆಯುವ ಅಭ್ಯಾಸವನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದ.

ಮರುದಿನದಿಂದಲೇ ರೆಕಾರ್ಡಿಂಗ್ ಶುರುವಾಯಿತು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರೊಳಕ್ಕೆ ಮುಖ ಮಾಡಿ ಕೂತರೆ ಪ್ರತಿಧ್ವನಿ ಇರುವುದಿಲ್ಲವಂತೆ. ತಮ್ಮ ಹಾಗೇ ಕೂತು, ಹೆಂಡತಿಯ ಹಳೆಯ ಸೀರೆಗಳಿಗೆ ಹೇಳಿದಂತೆ ಹೇಳಿದ: ನೀರು. ನೋವು. ದಿಂಬು. ಅಕ್ಕ. ಮಗು. ಬೇಡ. ಬಾ. ಕೂತ್ಕೋ. ಅಳಿಯಂದಿರು. ಪದದ ನಡುವೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಚಿಕ್ಕವಳು ಅಷ್ಟನ್ನೂ ತಾಳ್ಮೆಯಿಂದ ಕತ್ತರಿಸುತ್ತಿದ್ದಳು. ನಡುವೆ ಇದ್ದಕ್ಕಿದ್ದ ಹಾಗೆ “ಪ್ರಯಾಣಿಕರ ಗಮನಕ್ಕೆ” ಎಂದ. ಇನ್ನೊಂದು ಉಸಿರಿಗೆ “ಹೊರಡಲು ಸಿದ್ಧವಾಗಿದೆ” ಎಂದ.

“ಇದೆಲ್ಲ ಯಾಕೋ?” ಎಂದೆ. “ಆಸ್ಪತ್ರೆಯಲ್ಲಿ ಯಾರನ್ನ ಗಾಡಿ ಹತ್ತಿಸ್ತೀಯ?”

“ಇರಲಿ ಅಕ್ಕ. ಹತ್ತಿಸಬೇಕಾದ ಜನ ಎಲ್ಲಾ ಕಡೆ ಇರ್ತಾರೆ.”

ಆಮೇಲೆ ಚಿಕ್ಕವಳು ಪ್ರೋಗ್ರಾಂ ಬರೆಯಲು ಕೂತಳು. ಪಕ್ಕದಲ್ಲಿ ನಾನು ಹೆಣಿಗೆ ಹಿಡಿದು ಕೂರುತ್ತಿದ್ದೆ. ಪದಗಳ ತುಣುಕನ್ನು ಒಂದರ ಹಿಂದೆ ಒಂದು ಸುಮ್ಮನೆ ಓಡಿಸಿದರೆ ಮಾತಾಗುವುದಿಲ್ಲ; ಕೊಂಡಿಯಲ್ಲಿ ಟಪ್ ಎಂದು ಸದ್ದಾಗುತ್ತದೆ, ಒಂದು ಪದ ಜೋರು ಒಂದು ಮೆತ್ತಗೆ. ಅದನ್ನು ನಯವಾಗಿ ಬೆಸೆಯುವ ಕೆಲಸವನ್ನು ಯಾರೋ ಆಗಲೇ ಮಾಡಿ, ಗಂಟು ಕಟ್ಟಿ, ಬೇಕಾದವರು ತೆಗೆದುಕೊಳ್ಳಲಿ ಎಂದು ಇಟ್ಟಿದ್ದರು. ಅಂಥ ಗಂಟಿಗೆ ಲೈಬ್ರರಿ ಅನ್ನುತ್ತಾರೆ. ಚಿಕ್ಕವಳು ಅದನ್ನು ಇಳಿಸಿಕೊಂಡಳು. ಪರದೆಯ ಎಡಗಡೆ ಪ್ರಾಜೆಕ್ಟಿನ ಹೆಸರು, ಅದರ ಕೆಳಗೆ ಗಿಡದ ಕೊಂಬೆಗಳ ಹಾಗೆ ಒಳಗಿನ ಭಾಗಗಳು. ‘ಲೈಬ್ರರೀಸ್’ ಎಂಬ ಕೊಂಬೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಆ್ಯಡ್’ ಎಂದು ಆರಿಸಿ, ಗಂಟು ಎಲ್ಲಿದೆ ಎಂದು ತೋರಿಸಿದಳು. ಅಷ್ಟು ಹೊತ್ತು ಕೋಡಿನ ಕೆಳಗೆ ತಪ್ಪು ತೋರಿಸುತ್ತಿದ್ದ ಕೆಂಪು ಗೆರೆಗಳು ಒಟ್ಟಿಗೇ ಮಾಯವಾದವು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಕಸಿ ಹಿಡಿದದ್ದನ್ನು ನೋಡಿದಷ್ಟು ಹಿತವಾಯಿತು.

“ಯಾರಂತೆ ಮಾಡಿದ್ದು?”

“ಗೊತ್ತಿಲ್ಲ ಅತ್ತೆ. ಬರೀ ಒಂದು ಅಡ್ಡಹೆಸರಿದೆ. ‘ಯಾರು ಬೇಕಾದ್ರೂ ಬಳಸಿ, ಉಪಯೋಗಕ್ಕೆ ಬಂದ್ರೆ ನನಗೆ ಸಂತೋಷ, ಕೆಟ್ಟರೆ ಬೈಬೇಡಿ’ ಅಂತ ಬರ್ದಿದ್ದಾರೆ.”

ತಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ನಮ್ಮ ಕಸುಬಿನವರೇ” ಎಂದ. “ಯಾರು ಕೇಳಿಸ್ಕೋತಾರೋ ಗೊತ್ತಿರಲ್ಲ, ಹೇಳ್ತಾ ಇರೋದು.”

ಅವತ್ತು ಸಂಜೆ ಲ್ಯಾಪ್‌ಟಾಪು ಮೊದಲ ಸಲ ಮಾತಾಡಿತು: “ಅಕ್ಕ, ನೀರು ಬೇಡ.” ನಿಜವಾದ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಆದರೂ ನಾನು ಯಂತ್ರದ ಕಡೆ ತಿರುಗಿ, “ಆಯ್ತಪ್ಪ” ಎಂದೆ.

ಎರಡು ದಿನ ನೆಮ್ಮದಿ. ಮೂರನೆಯ ದಿನ ಗೇಟಿನ ಚಿಲಕ ಸದ್ದಾಯಿತು.

ಸ್ವಯಂಭೂ ಚಪ್ಪಲಿ ಬಿಚ್ಚುವ ಮೊದಲೇ ವಿಷಯಕ್ಕೆ ಬಂದ. ದೊಡ್ಡವಳು ಹೇಳಿಬಿಟ್ಟಿದ್ದಳು, ಪಾಪ, ಸಂತೋಷಕ್ಕೆ. ಅವನು ಲ್ಯಾಪ್‌ಟಾಪಿನ ಮುಂದೆ ಕೂತು, ಎಡಗಡೆಯ ಕೊಂಬೆಗಳನ್ನು ಬಿಡಿಸಿ ನೋಡಿ, ಮೂಗಿನಲ್ಲಿ ನಕ್ಕ.

“ಇದೇನಿದು? ಬೇರೆಯವರ ಕೋಡು ತಂದು ಅಂಟಿಸಿದ್ದೀಯಾ?”

“ಹೌದು ಭಾವ, ದನಿ ಬೆಸೆಯೋದಕ್ಕೆ.”

“ಇದಕ್ಕೆ ಪ್ರೋಗ್ರಾಮಿಂಗ್ ಅನ್ನಲ್ಲ, ಭಿಕ್ಷೆ ಅಂತಾರೆ. ದನಿ ಬೆಸೆಯೋದು ಅಂದ್ರೆ ಎಷ್ಟರ ಕೆಲಸ? ನಾನಾಗಿದ್ರೆ ಕಾಫಿ ಆರೋದರೊಳಗೆ ಬರೀತೀನಿ.”

“ಕಾಫಿ ಬಿಸಿಯಾಗಿಯೇ ತರ್ತೀನಿ ಹಾಗಾದ್ರೆ” ಎಂದೆ ನಾನು. ದೊಡ್ಡವಳು ತಲೆ ತಗ್ಗಿಸಿ ನಕ್ಕಳು, ತಕ್ಷಣ ನಿಲ್ಲಿಸಿಕೊಂಡಳು.

ಅವನು ಲೈಬ್ರರಿಯನ್ನು ಕೊಂಬೆಯಿಂದ ಅಳಿಸಿದ. ಸಾಲದೆಂದು, ಇಳಿಸಿಕೊಂಡ ಕಡತಗಳು ಬಿದ್ದಿರುವ ಡೌನ್‌ಲೋಡ್ ಫೋಲ್ಡರನ್ನು ತೆರೆದು, “ಎಂಥ ಕಸ ಇದು” ಎನ್ನುತ್ತ ಅದನ್ನೂ ಗುಡಿಸಿದ. ಗಂಟು ಅಲ್ಲೇ ಇತ್ತು. ಚಿಕ್ಕವಳು ಮತ್ತೆ ಸೇರಿಸಲು ಹೋದಾಗ ಸೇರಿಸಲು ಏನೂ ಇರಲಿಲ್ಲ. ಪರದೆ ತುಂಬ ಕೆಂಪು ಗೆರೆ.

“ನೋಡಿದ್ಯಾ?” ಎಂದ ಸ್ವಯಂಭೂ. “ಎರವಲು ಸರಕು. ಒಂದು ಸಲ ಕಸ ಗುಡಿಸಿದ್ರೆ ಮನೆ ಬಿತ್ತು.”

ಚಿಕ್ಕವಳ ಕಿವಿ ಕೆಂಪಾಯಿತು. ಅವಳು ತಂದೆಯ ಮುಖ ನೋಡಿದಳು. ತಮ್ಮನಿಗೆ ಒಂದು ದೌರ್ಬಲ್ಯ. ಹೆಣ್ಣು ಕೊಟ್ಟ ಮನೆಯವರ ಮುಂದೆ ಅವನ ಬೆನ್ನು ತಾನಾಗಿ ಬಾಗುತ್ತದೆ. ದೊಡ್ಡವಳ ಸಂಸಾರಕ್ಕೆ ತೊಂದರೆಯಾಗಬಾರದು ಎಂಬುದೊಂದೇ. “ಅಳಿಯಂದಿರು ಇಷ್ಟು ಆಸ್ಥೆ ವಹಿಸಿದ್ದಾರೆ, ಅವರೇ ಬರೀಲಿ ಮಗು” ಎಂದ, ಒಡೆದ ದನಿಯಲ್ಲಿ.

ಕಾಫಿ ಆರಿತು. ಅಂದಿನದು ಮಾತ್ರವಲ್ಲ, ಆ ವಾರ ಪೂರ್ತಿ ನಾನು ಮಾಡಿದ ಕಾಫಿಗಳೆಲ್ಲ ಆರಿದವು. ಸ್ವಯಂಭೂ ಆಫೀಸು ಮುಗಿಸಿ ನೇರವಾಗಿ ಇಲ್ಲಿಗೇ ಬಂದು, ಕಾಲು ನೀಡಿ ಕೂತು, ಬರೆಯುತ್ತಿದ್ದ. ಫ್ಯಾನು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದ. ಯಾರಾದರೂ ಪಾತ್ರೆ ಇಟ್ಟ ಸದ್ದಾದರೆ ನಿಟ್ಟುಸಿರು ಬಿಡುತ್ತಿದ್ದ. ತಾನು ಏನು ಮಾಡುತ್ತಿದ್ದೇನೆಂದು ದೊಡ್ಡವಳಿಗೆ ವಿವರಿಸುತ್ತಿದ್ದ, ಅವಳು ಕೇಳದಿದ್ದರೂ.

ವಾರದ ಕೊನೆಗೆ ನಮ್ಮನ್ನೆಲ್ಲ ಕೂರಿಸಿ ಗುಂಡಿ ಒತ್ತಿದ. “ಅಕ್ಕ ಬಾ” ಎಂಬ ಎರಡು ಪದ. ಅದರ ನಡುವೆ ಬಾಗಿಲಿಗೆ ಬೆರಳು ಸಿಕ್ಕಿದ ಹಾಗೊಂದು ಸದ್ದು. ‘ಬಾ’ ಎನ್ನುವುದು ತಗಡಿನ ಡಬ್ಬದೊಳಗಿನಿಂದ ಯಾರನ್ನೋ ಬೆದರಿಸಿದಂತಿತ್ತು.

ತಮ್ಮ ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡ.

“ಗಂಟಲು ಕೆಟ್ಟಿರೋದು ನಿಜ ಅಳಿಯಂದಿರೆ” ಎಂದು ಉಸಿರಿನಲ್ಲೇ ಪಿಸುಗುಟ್ಟಿದ. “ಇಷ್ಟು ಕೆಟ್ಟಿಲ್ಲ ಅನ್ಸುತ್ತೆ.”

“ರೆಕಾರ್ಡಿಂಗೇ ಸರಿ ಇಲ್ಲ ಮಾವ. ನೀವು ಪದಗಳನ್ನ ಒಂದೇ ಸಮ ಹೇಳ್ಬೇಕಿತ್ತು.”

ಜೀವಮಾನವಿಡೀ ಒಂದೇ ಸಮ ಹೇಳಿದವನಿಗೆ ಈ ಮಾತು. ಅವತ್ತಿಗೆ ಮತ್ತೆ ಹೇಳಿಸೋಣ ಎಂದರೂ ಹೇಳಲು ದನಿ ಉಳಿದಿರಲಿಲ್ಲ, ಗಾಳಿಯಷ್ಟೇ ಬರುತ್ತಿತ್ತು. ಬೀರುವಿನೊಳಕ್ಕೆ ಹೇಳಿಟ್ಟಿದ್ದೇ ಇನ್ನು ಅವನ ಪಾಲಿನ ಮಾತು. ಅದು ಮನುಷ್ಯನ ದನಿಯಾಗಿ ಹೊರಗೆ ಬರುತ್ತದೋ, ತಗಡಿನ ದನಿಯಾಗಿಯೋ ಎನ್ನುವುದು ಒಬ್ಬ ಅಹಂಕಾರಿಯ ಕೈಯಲ್ಲಿತ್ತು. ನನಗೆ ಅವನ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಸಿಟ್ಟಿನಲ್ಲಿ ಸ್ವಲ್ಪ ಗೌರವ ಇರುತ್ತದೆ. ನನಗೆ ಬಂದದ್ದು ಅದಲ್ಲ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಚಿಕ್ಕವಳು ಅಲ್ಲೇ, ತರಕಾರಿ ಹೆಚ್ಚುವ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ನಿಂತಿದ್ದಳು. ತನ್ನ ಹಳೆಯ ಪ್ರಾಜೆಕ್ಟನ್ನು ಬೇರೆ ಹೆಸರಲ್ಲಿ ತೆರೆದು, ಲೈಬ್ರರಿಯನ್ನು ಮತ್ತೆ ಇಳಿಸಿಕೊಂಡಿದ್ದಳು.

“ಮತ್ತೆ ಗುಡಿಸಿದರೆ?” ಎಂದೆ.

“ಗುಡಿಸ್ಲಿ ಅತ್ತೆ. ಹೋದ ಸಲ ತಪ್ಪು ನಂದೇ. ಪ್ರಾಜೆಕ್ಟಿಗೆ ನಾನು ಬರೀ ವಿಳಾಸ ಕೊಟ್ಟಿದ್ದೆ, ಡೌನ್‌ಲೋಡಲ್ಲಿದೆ ಅಲ್ಲಿಂದ ತಗೋ ಅಂತ. ಅಲ್ಲಿ ಇಲ್ಲ ಅಂದ್ರೆ ಅದೇನು ಮಾಡುತ್ತೆ? ಈಗ ನೋಡಿ, ಪ್ರಾಜೆಕ್ಟಿನ ಒಳಗೇ ಒಂದು ಫೋಲ್ಡರ್ ಮಾಡಿ ಅದರಲ್ಲಿ ನಕಲು ಇಟ್ಟಿದ್ದೀನಿ. ಅಲ್ಲಿಂದನೇ ಸೇರಿಸಿದ್ದೀನಿ. ಪ್ರಾಜೆಕ್ಟ್ ಎಲ್ಲಿಗೆ ಹೋದ್ರೂ ಇದು ಜೊತೆಗೇ ಹೋಗುತ್ತೆ.”

“ಡೌನ್‌ಲೋಡಿನಲ್ಲಿರೋದು?”

“ಅದು ಅಲ್ಲೇ ಬಿದ್ದಿರ್ಲಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ನಾನು ಒಲೆ ಹಚ್ಚಿದೆ. ಅವಳು ನನಗೆ ಜಾಗ ಬಿಡಲು ಲ್ಯಾಪ್‌ಟಾಪನ್ನು ಎತ್ತಿ ಹಿಡಿದುಕೊಂಡೇ ಉಳಿದ ಕೆಲಸ ಮುಗಿಸಿದಳು.

ಆಪರೇಷನ್ ಚೆನ್ನಾಗಿ ಆಯಿತು. ತಮ್ಮ ಕತ್ತಿಗೆ ಪಟ್ಟಿ, ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ. ಏನಾದರೂ ಬೇಕಾದರೆ ಕಾಗದದ ಮೇಲೆ ಗೀಚುತ್ತಿದ್ದ. ನರ್ಸು ಅದನ್ನು ಉದ್ದಕ್ಕೆ ಹಿಡಿದು, ಅಡ್ಡಕ್ಕೆ ಹಿಡಿದು, ತಮ್ಮನಿಗೆ ನಾಚಿಕೆಯಾಗದಂತೆ, “ನನ್ನ ಕಣ್ಣಿನ ದೋಷ, ನಾನೇ ಒಂದೊಂದಾಗಿ ಕೇಳ್ತೀನಿ, ನೀವು ತಲೆ ಆಡಿಸಿ” ಎನ್ನುತ್ತಿದ್ದರು. ಆ ಹುಡುಗಿಯ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಆದರೂ ತಮ್ಮ ದಿನೇ ದಿನೇ ಗೀಚುವುದನ್ನು ಕಡಿಮೆ ಮಾಡಿ ಗೋಡೆಯ ಕಡೆ ತಿರುಗಿ ಮಲಗತೊಡಗಿದ. ಅದು ನನ್ನನ್ನು ಹೆದರಿಸಿತು.

ಎದ್ದು ಕೂರಬಹುದು ಎಂದು ವೈದ್ಯೆ ಹೇಳಿದ ದಿನ ಸ್ವಯಂಭೂ ತಾನೇ ನಮ್ಮ ಮನೆಗೆ ಹೋಗಿ ಲ್ಯಾಪ್‌ಟಾಪನ್ನು ತಂದ. ಒಂದು ಮಾತು ಹೇಳಲೇಬೇಕು. ಮಂಚದ ತಲೆಭಾಗ ಎತ್ತುವ ಹಿಡಿಕೆಯನ್ನು ಅವನು ಬಹಳ ನಿಧಾನವಾಗಿ, ಮಾವನ ಮುಖ ನೋಡುತ್ತಲೇ ತಿರುಗಿಸಿದ. ಆ ಒಂದು ನಿಮಿಷ ಅವನು ನನಗೆ ಇಷ್ಟವಾದ. ಆಮೇಲೆ ಅವನು ಬಾಯಿ ತೆರೆದ.

“ಎಲ್ಲಾ ಕೇಳಿ. ಪೂರ್ತಿ ಹೊಸದಾಗಿ ಬರೆದಿದ್ದೀನಿ. ಒಂದಕ್ಷರ ಹೊರಗಿನದಿಲ್ಲ.”

ಒತ್ತಿದ. “ನೀರು” ಎಂದಿತು ಯಂತ್ರ, ಟಪ್ ಎಂದಿತು, ಮತ್ತೆ “ಬೇಡ” ಎಂದು ಕಿರುಚಿತು. ಪಕ್ಕದ ಮಂಚದ ಮುದುಕಪ್ಪ ಬೆಚ್ಚಿ ತನ್ನ ಹೊದಿಕೆ ಎಳೆದುಕೊಂಡರು. ತಮ್ಮ ಕಣ್ಣು ಮುಚ್ಚಿದ. ಕಣ್ಣಿನ ಕೊನೆಯಲ್ಲಿ ನೀರು ಬಂತು.

“ಭಾವ, ಸ್ವಲ್ಪ ಕೊಡಿ” ಎಂದಳು ಚಿಕ್ಕವಳು. “ನಂದೊಂದಿದೆ.”

“ಗೊತ್ತು” ಎಂದ ಸ್ವಯಂಭೂ. ತುಟಿಯ ಅಂಚಿನಲ್ಲಿ ನಗು. “ಕಳ್ಳತನದಲ್ಲಿ ಮತ್ತೆ ತಂದಿಟ್ಟಿದ್ಯಲ್ಲ ಡೌನ್‌ಲೋಡಲ್ಲಿ. ಬೆಳಿಗ್ಗೆ ನೋಡ್ದೆ. ತೆಗೆದು ಹಾಕಿದ್ದೀನಿ. ಕಸದ ಬುಟ್ಟಿನೂ ಖಾಲಿ ಮಾಡಿದ್ದೀನಿ. ನಿಂದು ಇನ್ನು ತೆರೆಯಲ್ಲ.”



ದೊಡ್ಡವಳು ಅಷ್ಟು ಹೊತ್ತು ತಂದೆಯ ಕಾಲಿನ ಹತ್ತಿರ ಹೊದಿಕೆ ಸರಿಮಾಡುತ್ತಿದ್ದವಳು, ಕೈ ನಿಲ್ಲಿಸಿದಳು. “ಅದು ಅಪ್ಪನ ದನಿ ಅಂತ ಗೊತ್ತಿದ್ದೂ ತೆಗೆದ್ರಾ?”

“ಅಪ್ಪನ ದನಿ ಅಲ್ಲ, ಅದು ಯಾರದೋ ಕೋಡು.”

“ನಾನು ಕೇಳಿದ್ದು ಬೇರೆ” ಎಂದಳು ಅವಳು. ಮದುವೆಯಾದಂದಿನಿಂದ ಅವಳು ಅವನಿಗೆ ಅಷ್ಟು ಚಿಕ್ಕ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಚಿಕ್ಕವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ತನ್ನ ಪ್ರಾಜೆಕ್ಟು ತೆರೆದಳು. ಎಡಗಡೆ ಕೊಂಬೆಗಳು ಬಿಡಿಸಿಕೊಂಡವು. ಕೆಂಪು ಗೆರೆ ಒಂದೂ ಇಲ್ಲ. ಪ್ರೋಗ್ರಾಂ ಓಡಿಸುವ ಹಸಿರು ಬಾಣ ಒತ್ತಿದಳು. ಪದಗಳ ಚೌಕಗಳು ಪರದೆಯ ಮೇಲೆ ಬಂದವು. ಅಪ್ಪನ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು ಇಟ್ಟಳು.

“ತೆರೆಯೋದು ಹೇಗೆ ಸಾಧ್ಯ?” ಎಂದ ಸ್ವಯಂಭೂ. “ನಾನೇ ಅಳಿಸಿದ್ದು.”

ಅವನು ಜನ್ಮದಲ್ಲಿ ಒಂದು ಲೈಬ್ರರಿಯನ್ನು ಪ್ರಾಜೆಕ್ಟಿಗೆ ಸೇರಿಸಿದವನಲ್ಲ. ಸೇರಿಸಿದ ಮೇಲೆ ಅದು ಎಲ್ಲಿರುತ್ತದೆ, ಎಲ್ಲಿಡಬೇಕು, ಎಲ್ಲಿಂದ ಕಿತ್ತರೆ ಹೋಗುತ್ತದೆ ಎನ್ನುವುದನ್ನು ತಿಳಿಯಲು ಒಮ್ಮೆಯಾದರೂ ಅದಕ್ಕೆ ಕೈ ಹಾಕಿರಬೇಕು. ಅಷ್ಟು ವರ್ಷ ಮೂಗು ಮುರಿದದ್ದರ ಫಲ, ಹಾಳು ಮಾಡಲಿಕ್ಕೂ ಅವನಿಗೆ ಬರಲಿಲ್ಲ. ಚಿಕ್ಕವಳು ವಿವರಿಸಲು ಬಾಯಿ ತೆರೆದಳು. ನಾನು ಅವಳ ಕೈ ಒತ್ತಿದೆ. ಕೆಲವು ಪಾಠಗಳನ್ನು ಪುಕ್ಕಟೆ ಹೇಳಿಕೊಡಬಾರದು.

ತಮ್ಮನ ಬೆರಳು ಚೌಕಗಳ ಮೇಲೆ ಓಡಾಡಿತು. ಒಂದು ಒತ್ತಿದ, ಇನ್ನೊಂದು ಹುಡುಕಿದ, ನಿಧಾನಕ್ಕೆ ಮೂರನೆಯದು. ಆಮೇಲೆ ತಲೆಯನ್ನು ದಿಂಬಿಗೆ ಒರಗಿಸಿ, ಕೊನೆಯ ಗುಂಡಿಯನ್ನು ಒತ್ತಿದ.

“ಪ್ರಯಾಣಿಕರ ಗಮನಕ್ಕೆ” ಎಂದಿತು ಅವನ ದನಿ. ಅಂಚು ಸ್ವಲ್ಪ ಒಡೆದಿದ್ದರೂ ಅದೇ ದನಿ, ಎಷ್ಟೋ ಜನರ ಅರ್ಧ ಸಿಟ್ಟು ಇಳಿಸಿದ್ದು. ಎಲ್ಲೂ ಟಪ್ ಎನ್ನಲಿಲ್ಲ. “ಅಳಿಯಂದಿರು ಹೊರಡಲು ಸಿದ್ಧವಾಗಿದೆ.”

ರೈಲಿಗೆಂದು ಹೇಳಿಟ್ಟಿದ್ದ ಮಾತು, ಇದ್ದ ಹಾಗೆಯೇ ಬಂತು. ಬಾಗಿಲಲ್ಲಿ ಔಷಧಿ ತಟ್ಟೆ ಹಿಡಿದು ನಿಂತಿದ್ದ ನರ್ಸು ತಟ್ಟೆಯಿಂದ ಬಾಯಿ ಮುಚ್ಚಿಕೊಂಡರು. ಪಕ್ಕದ ಮಂಚದ ಮುದುಕಪ್ಪ ಹೊದಿಕೆಯಿಂದ ಮುಖ ಹೊರಗೆ ತೆಗೆದು, “ಯಾವ ಪ್ಲಾಟ್‌ಫಾರಂನಿಂದ?” ಎಂದು ಕೇಳಿದರು.

ಸ್ವಯಂಭೂ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರಾದರೂ ‘ತಮಾಷೆಗೆ’ ಎಂದು ಹೇಳಿಯಾರು ಎಂದು ಕಾದ. ಯಾರೂ ಹೇಳಲಿಲ್ಲ. ಹೆಣ್ಣು ಕೊಟ್ಟ ಮಾವನ ಬೆನ್ನು ದಿಂಬಿಗೆ ಆನಿಕೊಂಡು ನೆಟ್ಟಗಿತ್ತು. ಅವನು ಹೊರಗೆ ನಡೆದ.

ದೊಡ್ಡವಳು ಅಭ್ಯಾಸಬಲದಿಂದ ಎದ್ದು ಚೀಲ ಹೆಗಲಿಗೆ ಹಾಕಿದಳು. ತಮ್ಮ ಮತ್ತೆ ಎರಡು ಚೌಕ ಒತ್ತಿದ.

“ಕೂತ್ಕೋ ಮಗು.”

ಅವಳು ಚೀಲವನ್ನು ಕೆಳಗಿಟ್ಟು ಮಂಚದ ಅಂಚಿಗೆ ಕೂತಳು. ಚಿಕ್ಕವಳು ಸರಿದು ಜಾಗ ಕೊಟ್ಟಳು. ನಾನು ನರ್ಸಿಗೆ ಒಳಗೆ ಬನ್ನಿ ಎಂದು ಕೈ ಮಾಡಿದೆ. ಬಾಗಿಲು ಅರ್ಧ ತೆರೆದೇ ಇತ್ತು. ಹೊರಗೆ ಮೆಟ್ಟಿಲ ಬಳಿ ಸ್ವಯಂಭೂ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ.

“ಹೌದು, ಮಾವನವರು ಈಗ ಮಾತಾಡ್ತಿದ್ದಾರೆ. ಅವರದೇ ದನಿ. ನಾನೇ ಮಾಡಿಕೊಟ್ಟೆ... ಇಲ್ಲಪ್ಪ, ಹೊರಗಿನದು ಒಂದು ಗೆರೆನೂ ಇಲ್ಲ.”

ತಮ್ಮ ಅದನ್ನು ಕೇಳಿಸಿಕೊಂಡ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಲ್ಯಾಪ್‌ಟಾಪಿನ ದನಿಯನ್ನು ಕೊನೆಯ ಮಟ್ಟಕ್ಕೆ ಏರಿಸಿ, ‘ಪ್ರಯಾಣಿಕರ ಗಮನಕ್ಕೆ’ ಎಂಬ ಚೌಕವನ್ನು ಇನ್ನೊಮ್ಮೆ ಒತ್ತಿದ.